ಕುರ್ಚಿ ತುಂಬಿತ್ತು, ಗಲ್ಲಾ ಖಾಲಿ!

ಅಖಾಡದ ಮಾತು: ಓದುಗರ ಪ್ರಶ್ನೆಗೆ ಹಾಸನದ ಹಳೇ ಪೈಲ್ವಾನನ ಉತ್ತರ

ಪ್ರಶ್ನೆ: ದಸರಾ ಕುಸ್ತಿಯಲ್ಲಿ ‘ಮಾರ್ಫಿಟ್’ ಅನ್ನುತ್ತಾರಲ್ಲ, ಏನದು? (ಕಡೂರಿನ ಓದುಗರು)

ಉತ್ತರ: ಪಾಯಿಂಟ್ ಲೆಕ್ಕ ಇಲ್ಲದ ಕುಸ್ತಿ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದರೆ ಗೆದ್ದ ಹಾಗೆ. ನೋಡುವವರಿಗೂ ಅನುಮಾನ ಇರುವುದಿಲ್ಲ, ಬೆನ್ನಿನ ಮೇಲೆ ಕೆಂಪು ಮಣ್ಣೇ ಸಾಕ್ಷಿ.

ಪ್ರಶ್ನೆ: ಟಿವಿಯಲ್ಲಿ ಬರುವ ಕುಸ್ತಿ ಎಲ್ಲ ಸುಳ್ಳು ಅಲ್ವಾ? ನನ್ನ ಮಗ ಒಪ್ಪುವುದೇ ಇಲ್ಲ. (ಬೇಲೂರಿನ ಒಬ್ಬ ತಾಯಿ)

ಉತ್ತರ: ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದಮ್ಮ. ಆದರೆ ಬೀಳುವುದು ಸುಳ್ಳಲ್ಲ. ಗದ್ದವನ್ನು ಎದೆಗೆ ಒತ್ತಿಕೊಂಡು, ಕೈ ಅಗಲಿಸಿ, ಬೆನ್ನು ತಾಗುವ ಹೊತ್ತಿಗೇ ಎರಡೂ ಅಂಗೈ ಹಲಗೆಗೆ ಬಡಿಯಬೇಕು. ಸ್ವಲ್ಪ ತಪ್ಪಿದರೂ ತಲೆಯ ಹಿಂಭಾಗ ಬಡಿಯುತ್ತದೆ. ಸರಿಯಾಗಿ ಬಿದ್ದರೂ ಅಷ್ಟೇ, ಎರಡು ದಿನ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುವುದಿಲ್ಲ. ಮಂಚದ ಮೇಲೆ ಮಾತ್ರ ಬೇಡ ಅಂತ ಮಗನಿಗೆ ಹೇಳಿ.

ಪ್ರಶ್ನೆ: ನಾವು ಅರಸೀಕೆರೆಯ ಮೂವರು ಗೆಳೆಯರು. ಆರು ಲಕ್ಷ ಒಟ್ಟು ಮಾಡಿದ್ದೇವೆ. ಹಾಸನದಲ್ಲಿ ಒಂದು ಸಣ್ಣ ಕುಸ್ತಿ ಕಂಪನಿ ಕಟ್ಟಿ ತಿಂಗಳಿಗೊಂದು ಶೋ ಮಾಡುವ ಆಸೆ. ಅಮೆರಿಕದ ಇಸಿಡಬ್ಲ್ಯು ಕೂಡ ಸಣ್ಣದಾಗಿ ಶುರುವಾಗಿ ಹೆಸರು ಮಾಡಿತಲ್ಲ? ಅಷ್ಟು ಜನ ಬರುತ್ತಿದ್ದರೂ ಯಾಕೆ ಮುಚ್ಚಿತು? ನೀವೂ ಒಮ್ಮೆ ಇಂಥದ್ದಕ್ಕೆ ಕೈ ಹಾಕಿದ್ದಿರಿ ಅಂತ ಕೇಳಿದೆವು. ನಿಜವೇ?

ಉತ್ತರ: ನಿಜ. ಕೈ ಹಾಕಿದ್ದೆ, ಸುಟ್ಟುಕೊಂಡೂ ಇದ್ದೆ. ಮೊದಲು ಇಸಿಡಬ್ಲ್ಯು ವಿಷಯ ಹೇಳಿಬಿಡುತ್ತೇನೆ.

1992ರಲ್ಲಿ ಫಿಲಡೆಲ್ಫಿಯಾದಲ್ಲಿ ಟಾಡ್ ಗಾರ್ಡನ್ ಶುರು ಮಾಡಿದ ಕಂಪನಿ ಅದು. ಆಗಿನ ಹೆಸರು ಈಸ್ಟರ್ನ್ ಚಾಂಪಿಯನ್‌ಶಿಪ್ ರೆಸ್ಲಿಂಗ್. ಮರುವರ್ಷ ಪಾಲ್ ಹೇಮನ್ ಕೈಗೆ ಜೋಡಿ ಕಟ್ಟುವ ಕೆಲಸ ಬಂತು. ಯಾರಿಗೆ ಯಾರು ಎದುರು, ಯಾರು ಗೆಲ್ಲಬೇಕು, ಕಥೆ ಎತ್ತ ಹೋಗಬೇಕು, ಎಲ್ಲ ಅವರದೇ. ಅರ್ಧ ಉಸ್ತಾದ್, ಅರ್ಧ ನಾಟಕದ ಮೇಷ್ಟ್ರು. 1994ರ ಆಗಸ್ಟ್‌ನಲ್ಲಿ ಶೇನ್ ಡಗ್ಲಸ್ ಅನ್ನುವ ಆಟಗಾರ ತಾನು ಗೆದ್ದ ಎನ್‌ಡಬ್ಲ್ಯುಎ (ಅಲ್ಲಿನ ಹಳೇ ಕುಸ್ತಿ ಒಕ್ಕೂಟ) ಬೆಲ್ಟನ್ನು ರಿಂಗಿನಲ್ಲೇ ಬಿಸಾಡಿದ. ಅಲ್ಲಿಂದ ‘ಈಸ್ಟರ್ನ್’ ಹೋಗಿ ‘ಎಕ್ಸ್‌ಟ್ರೀಮ್’ ಆಯಿತು. ಶೋ ನಡೆಯುತ್ತಿದ್ದದ್ದು ಬಿಂಗೊ ಆಡಿಸುವ ಹಾಲ್‌ನಲ್ಲಿ. ಬಿಂಗೊ ಅಂದರೆ ನಮ್ಮ ಕ್ಲಬ್ಬುಗಳ ಹೌಸಿ-ಹೌಸಿ.

ಅದೇ ತಿಂಗಳ ಇನ್ನೊಂದು ಶೋನಲ್ಲಿ ಟೆರ್ರಿ ಫಂಕ್ ಕಡೆಯಿಂದ ‘ಒಂದು ಕುರ್ಚಿ ಕೊಡಿ’ ಅಂತ ಜನರಿಗೆ ಕೂಗು ಹೋಯಿತು. ಒಬ್ಬ ಎಸೆದ. ಅವನನ್ನು ನೋಡಿ ಪಕ್ಕದವನು. ಆಮೇಲೆ ಕುರ್ಚಿಯ ಮಳೆ, ರಿಂಗೇ ಮುಚ್ಚಿಹೋಯಿತು. ಇವತ್ತಿಗೂ ಜನ ಆ ತುಣುಕು ನೋಡಿ ಖುಷಿಪಡುತ್ತಾರೆ. ನನಗೆ ಮಾತ್ರ ಬರುವ ಯೋಚನೆ ಒಂದೇ: ಕುರ್ಚಿ ಬಾಡಿಗೆಗೆ ಕೊಟ್ಟವನಿಗೆ ಯಾರು ಉತ್ತರ ಹೇಳಿದರು?

ಅದು ಜನ ಬರದೆ ಮುಚ್ಚಿದ ಕಂಪನಿ ಅಲ್ಲ. 1997ರ ಏಪ್ರಿಲ್ 13ಕ್ಕೆ ಮೊದಲ ಪೇ-ಪರ್-ವ್ಯೂ ಮಾಡಿದರು. ಮನೆಯಲ್ಲಿ ಕೂತವರು ದುಡ್ಡು ಕಟ್ಟಿ ನೋಡುವ ವ್ಯವಸ್ಥೆ. ಆ ದುಡ್ಡು ಕೇಬಲ್‌ನವರ ಕೈ ದಾಟಿ ಇವರಿಗೆ ಬರಲು ತಿಂಗಳುಗಟ್ಟಲೆ ಬೇಕು. ಆಟಗಾರರ ಕೂಲಿ, ಓಡಾಟ, ಕ್ಯಾಮೆರಾ ಖರ್ಚು ಮಾತ್ರ ಇವತ್ತೇ ಕೊಡಬೇಕು. 1999ರ ಆಗಸ್ಟ್‌ನಲ್ಲಿ ಟಿಎನ್‌ಎನ್ ಚಾನೆಲ್ ಸಿಕ್ಕಿತು, ಇಡೀ ಅಮೆರಿಕ ನೋಡಿತು. ಮರುವರ್ಷ ಅದೇ ಚಾನೆಲ್‌ಗೆ ದೊಡ್ಡ ಕಂಪನಿ ಡಬ್ಲ್ಯುಡಬ್ಲ್ಯುಎಫ್‌ನ (ಈಗಿನ ಡಬ್ಲ್ಯುಡಬ್ಲ್ಯುಇ) ‘ರಾ’ ಶೋ ಸಿಕ್ಕಿದ್ದೇ ತಡ, ಇವರನ್ನು ಕೈಬಿಟ್ಟರು. ಈ ಮಧ್ಯೆ ಬೆಳೆಸಿದ ಹುಡುಗರನ್ನೆಲ್ಲ ದೊಡ್ಡ ಕಂಪನಿಗಳು ಎತ್ತಿಕೊಂಡು ಹೋದವು. ಎಡ್ಡಿ ಗೆರೆರೊ, ರೇ ಮಿಸ್ಟೀರಿಯೊ, ಮಿಕ್ ಫೋಲಿ, ಡಡ್ಲಿ ಜೋಡಿ, ಟ್ಯಾಜ್. ಮೈಕ್ ಆಸಮ್ ಅಂತೂ ಇಸಿಡಬ್ಲ್ಯು ಚಾಂಪಿಯನ್ ಆಗಿರುವಾಗಲೇ ಎದುರು ಪಾಳಯಕ್ಕೆ ಹೋದ. ಕೊಟ್ಟ ಚೆಕ್‌ಗಳು ವಾಪಸ್ ಬರತೊಡಗಿದವು. 2001ರ ಜನವರಿ 7ಕ್ಕೆ ಕೊನೆಯ ಪೇ-ಪರ್-ವ್ಯೂ, ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ. ಸಾಲ ಸುಮಾರು 88 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲೇ ನಮ್ಮ 40 ಕೋಟಿ ರೂಪಾಯಿ ದಾಟುತ್ತದೆ.

ಇನ್ನು ನಮ್ಮದು. 2007ರ ಜುಲೈನಲ್ಲಿ ನಮ್ಮ ದೇಶದ ಖಲಿ ಡಬ್ಲ್ಯುಡಬ್ಲ್ಯುಇಯಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದ. ಶಾಲೆ ಹುಡುಗರೆಲ್ಲ ಎರಡೂ ಕೈಯಲ್ಲಿ ಒಬ್ಬರ ತಲೆ ಒಬ್ಬರು ಹಿಸುಕಿಕೊಂಡು ಓಡಾಡುತ್ತಿದ್ದರು. ಅದನ್ನು ನೋಡಿ ನಾವು ನಾಲ್ಕು ಜನ ತಲಾ 60 ಸಾವಿರ ಹಾಕಿದೆವು. ರಿಂಗ್ ಮಾಡಿಸಿದ್ದು ವೆಲ್ಡಿಂಗ್ ಅಂಗಡಿಯಲ್ಲಿ. 16 ಅಡಿ ಚೌಕದ ಕಬ್ಬಿಣದ ಫ್ರೇಮು, ಮೇಲೆ ಸಿಲ್ವರ್ ಓಕ್ ಹಲಗೆ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಕಡಿದ ಮರ, ಅಗ್ಗಕ್ಕೆ ಸಿಕ್ಕಿತ್ತು. ಅದರ ಮೇಲೆ ಫೋಮ್ ಹಾಸಿ ಟಾರ್ಪಾಲ್ ಬಿಗಿದೆವು. ಹಗ್ಗದ ಬದಲು ಸ್ಟೀಲ್ ರೋಪು. ಅದಕ್ಕೆ ತೋಟಕ್ಕೆ ನೀರು ಬಿಡುವ ಪೈಪು ತೊಡಿಸಿ, ಕೆಂಪು ಟೇಪು ಸುತ್ತಿದ್ದು.

ಹಲಗೆ ಹಸಿ ಇತ್ತು ಅಂತ ಆಮೇಲೆ ಗೊತ್ತಾಯಿತು. ಮೂರನೇ ಶೋ ಹೊತ್ತಿಗೆ ಒಣಗಿ ಸೊಟ್ಟಗಾಗಿ, ನಡುವೆ ಬೆರಳು ಹೋಗುವಷ್ಟು ಸಂದು ಬಿತ್ತು. ಫೋಮ್ ಇದ್ದರೂ ಅಲ್ಲಿ ಬಿದ್ದವನ ಬೆನ್ನಿನ ಮೇಲೆ ಉದ್ದಕ್ಕೆ ಬಾಸುಂಡೆ. ಹುಡುಗರು ಆ ಜಾಗಕ್ಕೆ ‘ಶಿರಾಡಿ ಘಾಟಿ’ ಅಂತ ಹೆಸರಿಟ್ಟಿದ್ದರು.

ಆಡುವವರು ಗರಡಿಯ ನಾಲ್ಕು ಹುಡುಗರು, ಕಾಫಿ ಕ್ಯೂರಿಂಗ್‌ನಲ್ಲಿ ಮೂಟೆ ಹೊರುವವನೊಬ್ಬ, ಆಟೋ ಓಡಿಸುವವನೊಬ್ಬ. ನಮ್ಮ ಉಸ್ತಾದರು ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟರು. ‘ಮಟ್ಟಿ ಮಣ್ಣು ಹಣೆಗೆ ಇಟ್ಟುಕೊಂಡವನು ಬೇಕೂಂತ ಬೀಳ್ತಾನೇನೋ?’ ಅಂದಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಮೊದಲ ಶೋಗೆ 300 ಕುರ್ಚಿ ಹಾಕಿಸಿದ್ದೆವು, ಎಲ್ಲ ಭರ್ತಿ. ಆಟೋದವನಿಗೆ ಕರಿ ಮುಖವಾಡ ಹಾಕಿ ಖಳನಾಯಕ ಮಾಡಿದ್ದೆವು. ಮೈಕ್ ಹಿಡಿದು ‘ಹಾಸನದವರು ಆಲೂಗಡ್ಡೆ ಸುಲಿಯೋಕೇ ಲಾಯಕ್ಕು’ ಅಂದ. ಒಬ್ಬ ಅಜ್ಜಿ ಚಪ್ಪಲಿ ಎತ್ತಿಕೊಂಡು ರಿಂಗಿನ ತನಕ ಬಂದರು. ಮರುದಿನ ಅದೇ ಅಜ್ಜಿ ಗುರುತು ಸಿಗದೆ ಅವನ ಆಟೋದಲ್ಲೇ ಕಟ್ಟಿನಕೆರೆ ಮಾರ್ಕೆಟ್‌ಗೆ ಹೋದರಂತೆ. ದಾರಿಯುದ್ದಕ್ಕೂ ಆ ಕರಿ ಮುಖವಾಡದವನ ವಂಶವನ್ನೆಲ್ಲ ಜಾಲಾಡಿದರಂತೆ. ಇವನು ‘ಹೌದಜ್ಜಿ, ಅವನು ಸರಿ ಇಲ್ಲ’ ಅಂತ ಗಾಡಿ ಓಡಿಸಿಕೊಂಡು ಹೋದ.

ಆ ರಾತ್ರಿಯ ಲೆಕ್ಕದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಮಾರಿದ ಟಿಕೆಟ್ 170. ಒಂದಕ್ಕೆ 50ರಂತೆ 8,500 ರೂಪಾಯಿ. ಉಳಿದ 130 ಕುರ್ಚಿಯಲ್ಲಿ ಕೂತವರು ಪಾಸಿನವರು. ಅವರಿವರು, ಅವರ ಭಾವಮೈದಂದಿರು, ಭಾವಮೈದನ ಮಕ್ಕಳು. ಲೈಟು, ಜನರೇಟರ್, ಮೈಕು, ಹುಡುಗರ ಕೂಲಿ, ಊಟ ಸೇರಿ ಖರ್ಚು 11,200. ಮುರಿದ ಕುರ್ಚಿ 9, ಅದು ಬೇರೆ. ಆದರೆ ಜನ ಶಿಳ್ಳೆ ಹೊಡೆದಿದ್ದರಲ್ಲ! ಚೀಟಿ ಮಡಿಸಿ ಜೇಬಿಗೆ ಇಟ್ಟುಕೊಂಡವನು ತಿರುಗಿ ನೋಡಲಿಲ್ಲ.

ಹೀಗೇ ಎಂಟು ಶೋ ಆಯಿತು. ಅಷ್ಟರಲ್ಲಿ ಕೇಬಲ್‌ನವರೊಬ್ಬರು ಬಂದು, ರೆಕಾರ್ಡ್ ಮಾಡಿ ಹಾಕುತ್ತೇವೆ, ಶೋಗೆ 10 ಸಾವಿರ ಕೊಡುತ್ತೇವೆ ಅಂದರು. ಹಾಕಿದರು. ನಮ್ಮ ಹುಡುಗರನ್ನು ಹೋಟೆಲ್‌ನಲ್ಲಿ ಜನ ಗುರುತು ಹಿಡಿಯತೊಡಗಿದರು. ದುಡ್ಡು ಮಾತ್ರ ‘ಮುಂದಿನ ತಿಂಗಳು’. ಆ ಬರಬೇಕಾದ ದುಡ್ಡನ್ನು ಬಂದ ಹಾಗೇ ಲೆಕ್ಕ ಹಾಕಿ ಮೇ ತಿಂಗಳಲ್ಲಿ ದೊಡ್ಡ ಶೋ ಇಟ್ಟೆವು. 1,000 ಕುರ್ಚಿ, ಹೊರರಾಜ್ಯದಿಂದ ಒಬ್ಬ ಹೆಸರಾದ ಪೈಲ್ವಾನರು, ಅವರಿಗೆ 40 ಸಾವಿರ ಮುಂಗಡ. ಮಧ್ಯಾಹ್ನ ನಾಲ್ಕಕ್ಕೆ ಗಾಳಿ ಎದ್ದಿತು. ಆಮೇಲೆ ಅಡ್ಡ ಮಳೆ. ಟಾರ್ಪಾಲ್ ಒಂದು ಮೂಲೆಯಲ್ಲಿ ಕಿತ್ತು, ಫೋಮ್ ಎಲ್ಲ ನೀರು ಕುಡಿಯಿತು. ಆರು ಪೈಲ್ವಾನರು ಸೇರಿದರೂ ಒಂದು ತುಂಡು ಎತ್ತಲು ಆಗಲಿಲ್ಲ. ಟಿಕೆಟ್ ದುಡ್ಡು ಅಲ್ಲೇ ವಾಪಸ್ ಕೊಟ್ಟೆವು. ಬಂದ ಅತಿಥಿ ಲಾಡ್ಜ್‌ನಲ್ಲಿ ಮುದ್ದೆ, ನಾಟಿ ಕೋಳಿ ಸಾರು ಉಂಡು, ಬಾಕಿ ಎಣಿಸಿಕೊಂಡು ಬಸ್ ಹತ್ತಿದರು. ಅವರದೇನೂ ತಪ್ಪಿಲ್ಲ, ಹೇಳಿದ ದಿನಕ್ಕೆ ಬಂದಿದ್ದರು.

ಹುಡುಗರ ಕೂಲಿಗೆ ನನ್ನ ಬೈಕು ಹೋಯಿತು. ನಮ್ಮಲ್ಲಿ ಚೆನ್ನಾಗಿ ಆಡುತ್ತಿದ್ದವನು ಬೆಂಗಳೂರಿನ ಜಿಮ್ ಸೇರಿಕೊಂಡ. ಫ್ರೇಮನ್ನು ಕೋಳಿ ಫಾರಂನವರು ತೂಕಕ್ಕೆ ತೆಗೆದುಕೊಂಡರು. ಪೈಪು ಹೊಳೆನರಸೀಪುರದ ಹತ್ತಿರ ಒಬ್ಬರ ಶುಂಠಿಗೆ ನೀರು ಬಿಡುತ್ತಿತ್ತು. ಒಮ್ಮೆ ಆ ಕಡೆ ಹೋದಾಗ ನೋಡಿದೆ, ಕೆಂಪು ಟೇಪು ಹಾಗೇ ಇತ್ತು.

ಮಾಡಬೇಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ ತಮ್ಮಂದಿರೇ. ಆ ಎಂಟು ರಾತ್ರಿ ಇನ್ನೊಮ್ಮೆ ಸಿಕ್ಕರೆ ನಾನೂ ಬರುತ್ತೇನೆ. ಆದರೆ ಆರು ಲಕ್ಷವನ್ನೂ ರಿಂಗಿಗೆ ಸುರಿಯಬೇಡಿ, ಅರ್ಧ ಬ್ಯಾಂಕಿನಲ್ಲಿ ಇರಲಿ. ಒಣಗಿದ ಹಲಗೆ ತನ್ನಿ. ಹುಡುಗರಿಗೆ ವಿಮೆ ಮಾಡಿಸಿ, ಕೂಲಿಯ ಕವರ್ ಶೋಗೆ ಮುಂಚೆಯೇ ಕೈಗಿಡಿ. ಕೈಗೆ ಬರದ ದುಡ್ಡನ್ನು ಪುಸ್ತಕದಲ್ಲಿ ಬರೆಯಲೇಬೇಡಿ. ಏಪ್ರಿಲ್, ಮೇ ತಿಂಗಳು ಬಯಲಿನ ಸಹವಾಸ ಬೇಡ.

ಮೊದಲ ಶೋ ಯಾವಾಗ ಅಂತ ಒಂದು ಕಾಗದ ಹಾಕಿ. ಪಾಸ್ ಮಾತ್ರ ಕಳಿಸಬೇಡಿ. ಟಿಕೆಟ್ ತೆಗೆದುಕೊಂಡೇ ಬರುತ್ತೇನೆ.