ಹೆಸರಿಲ್ಲದ ಪೊಟ್ಟಣ, ಕಹಿಯಾದ ಸೋರೆ

ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಮೂರು ಪುಟಗಳ ಪತ್ರ ಕಳೆದ ವಾರ ಕೈಸೇರಿತು. ಬಡಾವಣೆಯ ಉದ್ಯಾನದಲ್ಲಿ ನಡೆದ ಬೀಜ ವಿನಿಮಯದ ದಿನ ಅವರು ಸೋರೆ ಬೀಜದ ಒಂದು ಪೊಟ್ಟಣವನ್ನು ತಂದು, ತಾರಸಿಯ ಡ್ರಮ್ಮಿನಲ್ಲಿ ಬಿತ್ತಿ, ಚಪ್ಪರ ಹಾಕಿ, ಎರಡು ತಿಂಗಳು ನೀರೆರೆದು ಸಾಕಿದ್ದಾರೆ. ಬಳ್ಳಿ ಸೊಗಸಾಗಿ ಹಬ್ಬಿ ಕಾಯಿಯೂ ಬಿಟ್ಟಿತು, ಆದರೆ ಮೊದಲ ಕಾಯಿಯ ಪಲ್ಯ ಬಾಯಿಗಿಡಲಾಗದಷ್ಟು ಕಹಿಯಾಗಿತ್ತು. "ಕೊಟ್ಟವರನ್ನು ಕೇಳೋಣವೆಂದರೆ ಪೊಟ್ಟಣದ ಮೇಲೆ ಹೆಸರೇ ಇಲ್ಲ. ಮೂವತ್ತು ರೂಪಾಯಿಗೆ ಅಂಗಡಿಯಲ್ಲಿ ಒಳ್ಳೆಯ ಬೀಜ ಸಿಗುವಾಗ, ನಿಮ್ಮ ಪತ್ರಿಕೆ ಪ್ರತಿ ತಿಂಗಳೂ ಒಂದು ಪುಟವನ್ನು ಬೀಜ ವಿನಿಮಯಕ್ಕೆ ಮೀಸಲಿಡುವುದು ಹಳೆಯದರ ಮೋಹವಲ್ಲದೆ ಮತ್ತೇನು?" ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಎಲ್ಲಕ್ಕಿಂತ ಮೊದಲು ಆ ಬಳ್ಳಿಯನ್ನು ಬುಡಸಮೇತ ಕಿತ್ತುಬಿಡಿ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಾಂಶವಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ರಕ್ತ ವಾಂತಿಯಾಗಿ ಆಸ್ಪತ್ರೆ ಸೇರಿದವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ನಮ್ಮ ಹಿರಿಯರು ಸೋರೆಯನ್ನು ಹೆಚ್ಚುವ ಮುನ್ನ ತುದಿಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ ಉಗುಳುತ್ತಿದ್ದುದು ಇದೇ ಕಾರಣಕ್ಕೆ. ಒಂದು ತುತ್ತಿಗೇ ಪಲ್ಯವನ್ನು ಚೆಲ್ಲಿದ ನಿಮ್ಮ ವಿವೇಕ ದೊಡ್ಡದು.

ಇನ್ನು ನಿಮ್ಮ ಆಕ್ಷೇಪದ ಮಾತು. ಅಂಗಡಿಯ ಬೀಜದ ಬಗ್ಗೆ ನೀವು ಹೇಳಿದ್ದರಲ್ಲಿ ಸತ್ಯವಿದೆ. ಹೈಬ್ರಿಡ್ ಟೊಮೆಟೊ ಹೆಚ್ಚು ಕಾಯಿ ಕೊಡುತ್ತದೆ, ಒಂದೇ ಸಮನಾಗಿ ಹಣ್ಣಾಗುತ್ತದೆ, ಮಾರುಕಟ್ಟೆಯನ್ನು ನಂಬಿ ಸಾಲ ಮಾಡಿ ಬೆಳೆಯುವ ರೈತನಿಗೆ ಅದನ್ನು ಬೇಡವೆನ್ನುವ ಅಧಿಕಾರ ನನಗಿಲ್ಲ. ತಳಿ ವಿಜ್ಞಾನಿಗಳ ಋಣವನ್ನೂ ಮರೆಯಲಾರೆ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಡದಿದ್ದರೆ ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಎರಡು ಹೊತ್ತಿನ ಮುದ್ದೆ ಬೇಯುತ್ತಿರಲಿಲ್ಲ. ಆದರೆ ಒಂದು ವಿಷಯವನ್ನು ಗಮನಿಸಿ. ಅವರು ಕೂಡಿಸಿದ ಎರಡೂ ಕಡೆಯ ರಾಗಿಯನ್ನು ಅಲ್ಲಿಯವರೆಗೆ ಕಾಪಾಡಿ ತಂದವರು ಹೊಲದಲ್ಲಿ ತೆನೆ ಆರಿಸಿದ ಹೆಸರಿಲ್ಲದ ಒಕ್ಕಲು ಮಕ್ಕಳು. ರಾಗಿ ತನ್ನ ಹೂವಿನಲ್ಲಿ ತಾನೇ ಕಾಳುಕಟ್ಟುವ ಬೆಳೆಯಾದ್ದರಿಂದ, ಹೊಸ ತಳಿಯನ್ನು ಒಮ್ಮೆ ತಂದವರೂ ಮುಂದಿನ ವರ್ಷದ ಬೀಜವನ್ನು ತಮ್ಮ ಕಣದಲ್ಲೇ ಕಂಡುಕೊಳ್ಳಬಹುದಿತ್ತು. ಹೈಬ್ರಿಡ್ ಪೊಟ್ಟಣದಲ್ಲಿ ಆ ದಾರಿ ಮುಚ್ಚಿದೆ. ಅದರ ಹಣ್ಣಿನ ಬೀಜವನ್ನು ಮತ್ತೆ ಬಿತ್ತಿದರೆ ತಾಯಿಯಂತಿರುವ ಗಿಡ ಬರುವುದಿಲ್ಲ, ಹತ್ತು ಗಿಡ ಹತ್ತು ಬಗೆಯಾಗಿ ಒಡೆದುಕೊಳ್ಳುತ್ತವೆ. ನೀವು ಕೊಟ್ಟ ಮೂವತ್ತು ರೂಪಾಯಿ ಒಂದು ಹಂಗಾಮಿನ ಬಾಡಿಗೆ.

ನಿಮ್ಮ ಸೋರೆ ಕಹಿಯಾದದ್ದರ ಕಾರಣ ಅದನ್ನು ಕೊಟ್ಟವರ ಹಿಂದಿನ ಹಂಗಾಮಿನಲ್ಲಿದೆ ಎಂದು ನನ್ನ ಊಹೆ. ಸೋರೆಯ ಬಿಳಿ ಹೂ ಅರಳುವುದು ಮುಸ್ಸಂಜೆಯಲ್ಲಿ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಹೆಣ್ಣು ಹೂವಿನ ಕೆಳಗೆ ಹೆಬ್ಬೆರಳಷ್ಟು ಪುಟ್ಟ ಕಾಯಿ ಇರುತ್ತದೆ. ಹತ್ತಿರದಲ್ಲೆಲ್ಲೋ ಕಹಿ ಬುರುಡೆಯ, ಅಂದರೆ ಕಹಿ ಸೋರೆಯ, ಬಳ್ಳಿ ಇದ್ದರೆ ರಾತ್ರಿಯ ಪತಂಗ ಅದರ ಪರಾಗವನ್ನು ತಂದು ಸಿಹಿ ಸೋರೆಗೆ ಮುಟ್ಟಿಸುತ್ತದೆ. ಆ ವರ್ಷದ ಕಾಯಿ ಸಿಹಿಯಾಗಿಯೇ ಇರುವುದರಿಂದ ಬೆಳೆದವರಿಗೆ ಏನೂ ತಿಳಿಯುವುದಿಲ್ಲ, ಒಳಗಿನ ಬೀಜ ಮಾತ್ರ ಕಹಿಯನ್ನು ಹೊತ್ತುಕೊಂಡು ನಿಮ್ಮ ತಾರಸಿಗೆ ಬರುತ್ತದೆ. ಇದನ್ನು ತಪ್ಪಿಸುವ ಉಪಾಯ ಕಷ್ಟದ್ದೇನಲ್ಲ. ಅಂದು ಸಂಜೆ ಅರಳಲಿರುವ ಗಂಡು ಮೊಗ್ಗು ಮತ್ತು ಹೆಣ್ಣು ಮೊಗ್ಗುಗಳ ಬಾಯಿಯನ್ನು ಮಧ್ಯಾಹ್ನವೇ ದಾರದಿಂದ ಸಡಿಲವಾಗಿ ಕಟ್ಟಿ, ಕತ್ತಲಾಗುವಾಗ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ತಾಗಿಸಿ, ಮತ್ತೆ ಕಟ್ಟಿ, ತೊಟ್ಟಿಗೊಂದು ಬಣ್ಣದ ನೂಲು ಸುತ್ತಿಟ್ಟರೆ ಸಾಕು. ನೂಲು ಸುತ್ತಿದ ಕಾಯಿಯನ್ನು ಯಾರೂ ಕೊಯ್ಯಬಾರದು. ಅದು ಬಳ್ಳಿಯಲ್ಲೇ ಒಣಗಿ, ಸಿಪ್ಪೆ ಮರದಂತಾಗಿ, ಅಲ್ಲಾಡಿಸಿದರೆ ಗಿಲಿಗಿಲಿ ಎನ್ನಬೇಕು.

ಬೀಜ ಕೊಟ್ಟವರು ಎದುರಿಗಿದ್ದು ಎರಡು ಮಾತನಾಡಿದ್ದರೆ ಇದೆಲ್ಲ ನಿಮಗೆ ಅಂದೇ ತಿಳಿಯುತ್ತಿತ್ತು. ಮೇಜಿನ ಮೇಲೆ ಪೊಟ್ಟಣಗಳನ್ನು ರಾಶಿ ಹಾಕಿ, ವೇದಿಕೆಯ ಭಾಷಣ ಮುಗಿದ ಮೇಲೆ ಬಂದವರೆಲ್ಲ ಕೈಗೆ ಸಿಕ್ಕಷ್ಟು ಬಾಚಿಕೊಂಡು ಹೋಗುವ ಕಾರ್ಯಕ್ರಮವನ್ನು ವಿನಿಮಯವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ನಿಮಗೆ ಮೋಸವಾದದ್ದು ನಿಜ, ಆದರೆ ಮೋಸ ಮಾಡಿದ್ದು ಬೀಜ ಹಂಚಿಕೊಳ್ಳುವ ಪದ್ಧತಿಯಲ್ಲ, ಆ ಪದ್ಧತಿಯಿಂದ ಮಾತನ್ನು ಕಿತ್ತುಹಾಕಿದ ಅವಸರ.

ಮಾತಿನೊಂದಿಗೆ ಬೀಜ ಬರುವುದೆಂದರೇನು ಎಂಬುದನ್ನು ನಾನು ಕಲಿತದ್ದು ಸೋತ ಮೇಲೆ. ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅಜ್ಜಿ ಹಾಲುಬೆಂಡೆ ಬೆಳೆಯುತ್ತಿದ್ದರು. ಹಾಲಿನ ಬಣ್ಣಕ್ಕೆ ತಿರುಗಿದ, ಗೇಣುದ್ದದ, ಬಲಿತರೂ ಬೇಗ ನಾರಾಗದ ಬೆಂಡೆ ಅದು. ಬೀಜದ ಕೋಡುಗಳನ್ನು ಅವರು ಬಾಳೆ ನಾರಿನಲ್ಲಿ ಕಟ್ಟಿ ಒಲೆಯ ಮೇಲಿನ ಹೊಗೆ ಅಟ್ಟಕ್ಕೆ ತೂಗುಹಾಕುತ್ತಿದ್ದರು, ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ನಾವು ಬುದ್ಧಿವಂತರು ಆ ಕೋಡುಗಳನ್ನು ಬಿಡಿಸಿ, ಡಬ್ಬಿಗೆ ತುಂಬಿ, ಕಪಾಟಿನಲ್ಲಿ ಭದ್ರವಾಗಿಟ್ಟೆವು. ನೆನಪಾಗಿ ತೆಗೆದು ಬಿತ್ತಿದ್ದು ನಾಲ್ಕು ಮಳೆಗಾಲ ಕಳೆದ ಮೇಲೆ. ಮಲೆನಾಡಿನ ತೇವ ಒಳಗೆ ಹೊಕ್ಕಿತ್ತು, ಒಂದು ಬೀಜವೂ ಮೊಳೆಯಲಿಲ್ಲ.

ಹಾಲುಬೆಂಡೆ ನಮಗೆ ಮರಳಿ ಸಿಕ್ಕಿದ್ದು ಏಳು ಮೈಲಿ ದೂರದಲ್ಲಿ, ಹಿಂದೆ ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸೊಬ್ಬರ ಹಿತ್ತಲಿನಲ್ಲಿ. ಸುಲಿತ ಮುಗಿದ ಒಂದು ವರ್ಷ ಅಜ್ಜಿ ಅವರ ಸೆರಗಿಗೆ ಒಂದು ಹಿಡಿ ಬೀಜ ಹಾಕಿದ್ದರಂತೆ. ಅವರ ಕೇರಿಯಲ್ಲಿ ಅದಕ್ಕೆ 'ಭಟ್ಟರ ಮನೆ ಬೆಂಡೆ' ಎಂದೇ ಹೆಸರು. ಭಟ್ಟರ ಮನೆಯಲ್ಲಿ ಅದು ಸತ್ತು ಎಷ್ಟೋ ಕಾಲವಾಗಿದ್ದರೂ ಅವರಲ್ಲಿ ಆರು ಮನೆಗಳ ಹಿತ್ತಲಲ್ಲಿ ಹೂ ಬಿಟ್ಟಿತ್ತು. ಅವರು ಬೀಜವನ್ನು ಮೊರದಲ್ಲಿಟ್ಟು ಕೊಡುತ್ತಾ, "ಬೀಜಕ್ಕೆ ಕಾಯಿ ಆರಿಸಬ್ಯಾಡಿ, ಗಿಡ ಆರಿಸಿ" ಎಂದರು. ಉದ್ದವಾದ ಕಾಯಿ ಕಂಡಾಕ್ಷಣ ಅದನ್ನೇ ಬೀಜಕ್ಕೆ ಬಿಡುವುದು ನಮ್ಮ ಅಭ್ಯಾಸವಾಗಿತ್ತು. ಅವರಾದರೋ, ಎಲೆಯ ನರ ಹಳದಿಯಾಗುವ ರೋಗ ತಾಗದೆ ಕೊನೆಯವರೆಗೂ ಹಸಿರಾಗಿ ನಿಂತು ಹೆಚ್ಚು ಕಾಲ ಕಾಯಿ ಕೊಟ್ಟ ಗಿಡಗಳನ್ನು ಗುರುತಿಟ್ಟು, ಅವುಗಳ ನಡುಗಾಲದ ಕಾಯಿಗಳನ್ನು ಮಾತ್ರ ಬೀಜಕ್ಕೆ ಬಿಡುತ್ತಿದ್ದರು. ತಳಿಶಾಸ್ತ್ರದ ಪಾಠದಲ್ಲಿ ಹೇಳುವುದೂ ಇದನ್ನೇ. ಅಜ್ಜಿ ಕೊಟ್ಟ ಬೀಜಕ್ಕಿಂತ ಅವರು ಹಿಂತಿರುಗಿಸಿದ ಬೀಜ ಮೇಲಾಗಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ.

ಕೊಟ್ಟದ್ದರಿಂದಲೇ ಬೀಜ ಉಳಿಯುತ್ತದೆ ಎಂಬುದು ಹಿತ್ತಲಿಗೆ ಮಾತ್ರ ಸಲ್ಲುವ ಮಾತಲ್ಲ. ಸಿರಿಯಾದ ಅಲೆಪ್ಪೊ ಬಳಿಯಿದ್ದ, ಒಣಭೂಮಿಯ ಬೆಳೆಗಳ ಸಂಶೋಧನೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಇಕಾರ್ಡಾದ ಬೀಜ ಭಂಡಾರ ಯುದ್ಧದಿಂದಾಗಿ ಕೈಗೆಟುಕದಂತಾದಾಗ, ಮೊದಲೇ ನಾರ್ವೆಯ ಸ್ವಾಲ್ಬಾರ್ಡಿನ ಜಾಗತಿಕ ಬೀಜ ಭಂಡಾರದಲ್ಲಿ ಇರಿಸಿದ್ದ ಪ್ರತಿಗಳನ್ನು 2015ರಲ್ಲಿ ಹಿಂಪಡೆದು ಲೆಬನಾನ್ ಮತ್ತು ಮೊರಾಕೊಗಳಲ್ಲಿ ಬಿತ್ತಿ ಸಂಗ್ರಹವನ್ನು ಮತ್ತೆ ಕಟ್ಟಿದರು. ದೆಹಲಿಯ ರಾಷ್ಟ್ರೀಯ ಭಂಡಾರದಲ್ಲೂ ನಾಲ್ಕು ಲಕ್ಷಕ್ಕೂ ಹೆಚ್ಚು ಮಾದರಿಗಳು ಶೀತಲಕೋಣೆಯಲ್ಲಿವೆ, ಅದು ಬೇಕಾದ ಕೆಲಸವೇ. ಆದರೆ ಶೀತಲಕೋಣೆಯ ಬೀಜ ದಾವಣಗೆರೆಯ ಈಚಿನ ಬೇಸಿಗೆಗಳನ್ನು ಕಂಡಿಲ್ಲ. ವರ್ಷವರ್ಷವೂ ಅದೇ ಬಿಸಿಲಿನಲ್ಲಿ ಬೆಳೆದು ಬದುಕಿದ ಗಿಡದ ಬೀಜ ಕಂಡಿದೆ.

ತಾರಸಿಯ ಮೇಲೆ ಎಷ್ಟು ಜಾಗವಿದ್ದೀತು ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು ಆರುನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡದ್ದು ವಿಶಾಲವಾದ ಗದ್ದೆಯಲ್ಲಲ್ಲ, ಮಣ್ಣು ತುಂಬಿದ ಚೀಲಗಳಲ್ಲಿ. 2024ರ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಶಿರಸಿಯಲ್ಲಿ 2001ರಲ್ಲಿ ಮೊದಲಾದ 'ವನಸ್ತ್ರೀ' ಬಳಗದ ಮಹಿಳೆಯರು ತಮ್ಮ ಹಿತ್ತಲಿನ ತರಕಾರಿ, ಹೂವಿನ ಬೀಜಗಳನ್ನು ಹಂಚುತ್ತ ಬಂದಿದ್ದಾರೆ, ಅಲ್ಲಿ ಕೊಟ್ಟವರ ಮುಖ ನೋಡಿ, ಬೆಳೆಸಿದ ಬಗೆ ಕೇಳಿ ಬೀಜ ತರಬಹುದು. ಇದು ಕಾನೂನಿಗೆ ಹೊರತಾದ ಕೆಲಸವೂ ಅಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಸ್ಪಷ್ಟವಾಗಿ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಹೆಸರು ಹಚ್ಚಿ ಮಾರುವಂತಿಲ್ಲ, ಅಷ್ಟೇ.

ನನ್ನ ನಿಜವಾದ ಸಂಕಟ ಬೇರೆಯೇ ಇದೆ. ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಕಾಂಪೌಂಡಿನ ಅಂಚಿನವರೆಗೂ ಮನೆ ಕಟ್ಟಿ, ಉಳಿದ ಎರಡಡಿಗೂ ಟೈಲ್ಸ್ ಹಾಸಿದ ದಿನವೇ ಹಿತ್ತಲು ಎಂಬ ಪದ ನಮ್ಮ ಮಕ್ಕಳ ಬಾಯಿಂದ ಹೋಯಿತು. ಹಿತ್ತಲಿನೊಂದಿಗೆ ಬೇಲಿಯಾಚೆಯ ಮಾತೂ ಹೋಯಿತು, "ಒಂದು ಹೀರೆ ಬೀಜ ಇದ್ದರೆ ಕೊಡಿ" ಎಂದು ಪಕ್ಕದ ಮನೆಯವರನ್ನು ಕೇಳಲು ಸಂಕೋಚಪಡುವ ಕಾಲ ಬಂತು. ಪ್ರಯೋಗಾಲಯದ ತಳಿಗೆ ಅಂಕಿಯೋ ಸಂಸ್ಥೆಯ ಹೆಸರೋ ಇರುತ್ತದೆ, ಪ್ರಶಸ್ತಿ ಪತ್ರದಲ್ಲಿ ವಿಜ್ಞಾನಿಯ ಹೆಸರಿರುತ್ತದೆ. ಮೂರು ತಲೆಮಾರು ಗಿಡ ಆರಿಸಿದ ಹೆಂಗಸರ ಹೆಸರು ಎಲ್ಲಿ ದಾಖಲಾಗಿದೆ? ನಮ್ಮ ಪತ್ರಿಕೆಯೂ ಹತ್ತು ವರ್ಷ ಬೀಜದ ಹೆಸರು ಮಾತ್ರ ಅಚ್ಚು ಹಾಕಿ, ಅದನ್ನು ಕಾಪಾಡಿದವರ ಹೆಸರನ್ನು ಬಿಟ್ಟಿತು ಎಂಬುದನ್ನು ನಿಮ್ಮ ಪತ್ರ ಓದಿದ ಮೇಲೆ ಹಳೆಯ ಸಂಚಿಕೆಗಳನ್ನು ತೆರೆದು ನೋಡಿ ಖಚಿತಪಡಿಸಿಕೊಂಡೆ. ಮುಂದಿನ ತಿಂಗಳಿಂದ ಆ ಪುಟದಲ್ಲಿ ತಳಿಯ ಹೆಸರು, ಬೆಳೆದವರು, ಊರು, ಬೀಜಕ್ಕೆ ಬಿಟ್ಟ ತಿಂಗಳು, ಹತ್ತಿರದಲ್ಲಿ ಅದೇ ಜಾತಿಯ ಬೇರೆ ಬೆಳೆ ಇತ್ತೇ ಎಂಬ ವಿವರವಿಲ್ಲದೆ ಯಾವ ಬೀಜವನ್ನೂ ಪ್ರಕಟಿಸುವುದಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನೀವು ಒಂದು ಕಹಿ ಕಾಯಿಗೆ ಇಡೀ ತರಗತಿಯನ್ನೇ ಹೊರಗೆ ಹಾಕುವುದು ಸರಿಯಲ್ಲ. ಈ ಉತ್ತರದ ಅಚ್ಚಿನ ಪ್ರತಿಯೊಂದಿಗೆ ಹನ್ನೆರಡು ಹಾಲುಬೆಂಡೆ ಬೀಜಗಳನ್ನು ನಿಮ್ಮ ವಿಳಾಸಕ್ಕೆ ಕಳುಹಿಸಿದ್ದೇನೆ, ಪೊಟ್ಟಣದ ಮೇಲೆ ಅಡಿಕೆ ಸುಲಿಯುತ್ತಿದ್ದ ಆ ತಾಯಿಯ ಹೆಸರಿದೆ. ರಾತ್ರಿ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಅರ್ಧ ಇಂಚು ಆಳಕ್ಕೆ ಊರಿ, ಈ ಹಂಗಾಮಿಗೆ ಬೇರೆ ಯಾವ ಬೆಂಡೆಯನ್ನೂ ತಾರಸಿಯ ಮೇಲೆ ಹಾಕಬೇಡಿ. ಮೊದಲ ವಾರಗಳ ಕಾಯಿಯನ್ನು ಸಾಸಿವೆಗೋ ಗೊಜ್ಜಿಗೋ ಬಳಸಿ, ಆಮೇಲೆ ಎರಡು ಒಳ್ಳೆಯ ಗಿಡಗಳಿಗೆ ನೂಲು ಕಟ್ಟಿ. ಕೋಡು ಒಣಗಿ ಬಿರಿಯಲು ಶುರುವಾದಾಗ ಇಪ್ಪತ್ತನಾಲ್ಕು ಬೀಜ ನನಗೆ ಹಿಂತಿರುಗಿ ಬರಬೇಕು, ಪೊಟ್ಟಣದ ಮೇಲೆ ಆ ತಾಯಿಯ ಹೆಸರಿನ ಕೆಳಗೆ ನಿಮ್ಮ ಹೆಸರನ್ನೂ ಬರೆದು ಕಳುಹಿಸಿ.

— ಸಂಪಾದಕ