ಬಾಕಿ ಬಿಲ್ಲು: ವಕೀಲರ ಮನೆಗೆ ಹೋಗುವ ಮುಂಚೆ ಚಲನ್ ಹುಡುಕಿ

ಪುಣೆ, ಮುಂಬಯಿಯ ಕನ್ನಡಿಗ ಉದ್ಯಮಿಗಳ ಪತ್ರಗಳು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತವೆ: ಮಾಲು ಹೋಯಿತು, ದುಡ್ಡು ಬರಲಿಲ್ಲ. ಈ ಸಲ ಆ ಪ್ರಶ್ನೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವಕ್ಕೆ ಚುಟುಕು ಉತ್ತರ ಸಾಕು.

ಪ್ರಶ್ನೆ: ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೋಹದ ಬಿಡಿಭಾಗ ಕೊರೆಯುವ ಎರಡು ವಿಎಂಸಿ ಯಂತ್ರ ಇಟ್ಟುಕೊಂಡು ಬೇರೆ ಕಂಪನಿಗಳಿಗೆ ಜಾಬ್ ವರ್ಕ್ ಮಾಡುತ್ತೇನೆ. ಒಂದು ಕಂಪನಿ 6 ಲಕ್ಷ ರೂಪಾಯಿ ಕೊಡದೆ ಒಂಬತ್ತೂವರೆ ತಿಂಗಳಾಯಿತು. ಪಿ.ಒ.ದಲ್ಲಿ (ಖರೀದಿ ಆದೇಶದಲ್ಲಿ) ಹಣ ಕೊಡಲು 90 ದಿನ ಎಂದು ಬರೆದಿದೆ. ವಸೂಲಿ ಏಜೆಂಟರು ಶೇ 20 ಕೇಳುತ್ತಾರೆ, ವಕೀಲರು ನೋಟಿಸಿಗೆ ಮುಂಗಡ ಕೇಳುತ್ತಾರೆ. ಯಾರಿಗೆ ಕೊಡಲಿ? ದೂರು ಕೊಟ್ಟರೆ ಮುಂದೆ ಕೆಲಸ ಸಿಗುವುದಿಲ್ಲ ಎಂಬ ಹೆದರಿಕೆಯೂ ಇದೆ.

ಸದ್ಯಕ್ಕೆ ಇಬ್ಬರಿಗೂ ಕೊಡಬೇಡಿ. ಏಜೆಂಟರಿಗಂತೂ ಎಂದಿಗೂ ಬೇಡ. ನಿಮ್ಮದೇ ದುಡ್ಡಿನಲ್ಲಿ 1.2 ಲಕ್ಷ ಕೊಟ್ಟು, ಅವರು ಫೋನಿನಲ್ಲಿ ಹಾಕುವ ಬೆದರಿಕೆಗೆ ನಾಳೆ ನೀವೇ ಪೊಲೀಸ್ ಠಾಣೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.

2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಇರುವುದೇ ಇಂಥ ಬಾಕಿಗಾಗಿ. ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿರಲಿ, ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಆದ್ದರಿಂದ ಪಿ.ಒ.ದಲ್ಲಿನ ಆ 90 ದಿನಕ್ಕೆ ಕಾಯ್ದೆಯ ಮುಂದೆ ಬೆಲೆಯಿಲ್ಲ. ಗಡುವು ದಾಟಿದ ಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. ಇದು ಬ್ಯಾಂಕ್ ದರ, ರೆಪೊ ದರ ಅಲ್ಲ. ಇಲ್ಲಿ ತಪ್ಪಿದರೆ ಇಡೀ ಲೆಕ್ಕ ತಪ್ಪುತ್ತದೆ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ತಿಂಗಳಿಗೆ ಶೇ 1.5. ನಿಮ್ಮ 6 ಲಕ್ಷಕ್ಕೆ ಗಡುವಿನ ನಂತರದ ಎಂಟು ತಿಂಗಳಲ್ಲಿ ಸುಮಾರು 75,900 ರೂಪಾಯಿ. ಅವಧಿಯ ನಡುವೆ ದರ ಬದಲಾಗಿದ್ದರೆ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಸಿ. ಹೀಗೆ ಕೊಟ್ಟ ಬಡ್ಡಿಯನ್ನು ಆ ಕಂಪನಿ ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆದುಕೊಳ್ಳುವಂತೆಯೂ ಇಲ್ಲ.

ಈಗ ಕಾಗದಕ್ಕೆ ಬನ್ನಿ. ಸೋಲುವವರು ಸೋಲುವುದು ಇಲ್ಲೇ. ಪಿ.ಒ., ಬಿಲ್ಲು ಎಲ್ಲರ ಹತ್ತಿರವೂ ಇರುತ್ತದೆ. ಗೇಟಿನ ಇನ್‌ವರ್ಡ್ ಸೀಲು, ತಾರೀಕು, ಸಹಿ ಇರುವ ಡೆಲಿವರಿ ಚಲನ್ (ಮಾಲು ತಲುಪಿಸಿದ ಚೀಟಿ) ಮಾತ್ರ ಇರುವುದಿಲ್ಲ. ಟೆಂಪೊ ಚಾಲಕನ ಕೈಗೆ ಎರಡು ಪ್ರತಿ ಕೊಟ್ಟು ಒಂದನ್ನು ಸೀಲು ಹಾಕಿಸಿ ತಾ ಎನ್ನಲು ಅಷ್ಟೇಕೆ ಸೋಮಾರಿತನ? ಮಾಲು ತಲುಪಿ 15 ದಿನದೊಳಗೆ ಖರೀದಿದಾರರು ಲಿಖಿತವಾಗಿ ತಕರಾರು ಎತ್ತದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡಂತೆ ಎನ್ನುತ್ತದೆ ಕಾಯ್ದೆ. ಎಂಟು ತಿಂಗಳಾದ ಮೇಲೆ ‘ಬೋರ್ ಸೈಜ್ ತಪ್ಪಿತ್ತು, ರಿಜೆಕ್ಷನ್ ಇತ್ತು’ ಎಂದು ಅವರು ತೆಗೆಯುವ ರಾಗಕ್ಕೆ ಆ ಸೀಲೇ ಉತ್ತರ. ಚಲನ್ ಸಿಗದಿದ್ದರೆ ನಿಮ್ಮ ಪ್ಯಾನ್‌ಗೆ ಆ ಕಂಪನಿ ಕಟ್ಟಿದ ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ) ನೋಡಿ. ಬಿಲ್ಲನ್ನು ತಮ್ಮ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಟಿಡಿಎಸ್ ಕಡಿದಿರುತ್ತಾರೆ. ಅದು ಒಳ್ಳೆಯ ಪೂರಕ ಸಾಕ್ಷಿ.

ಕಾಗದ ಜೋಡಿಸಿದ ಮೇಲೆ ಒಂದು ಪತ್ರ ಬರೆಯಿರಿ. ಅದಕ್ಕೆ ವಕೀಲರು ಬೇಕಾಗಿಲ್ಲ. ಬಿಲ್ಲಿನ ಸಂಖ್ಯೆ, ತಾರೀಕು, ಮೊತ್ತ, ಗಡುವು, ಬಡ್ಡಿ, ನಿಮ್ಮ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಸಂಖ್ಯೆ ಇರಲಿ. ಬಿಲ್ಲಾದ 180 ದಿನದೊಳಗೆ ಹಣ ಕೊಡದಿದ್ದರೆ ಅವರು ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯ ತೆರಿಗೆಗೆ ಸಿಗುವ ವಜಾ) ಬಡ್ಡಿಸಹಿತ ಹಿಂದಿರುಗಿಸಬೇಕು ಎಂಬುದನ್ನು ನೆನಪಿಸಿ. 45 ದಿನ ಮೀರಿದ ಬಾಕಿ ಮಾರ್ಚ್ 31 ದಾಟಿದರೆ ಆ ವರ್ಷದ ಖರ್ಚಾಗಿ ತೋರಿಸಲು ಆಗದು, ಕೊಟ್ಟ ವರ್ಷದಲ್ಲೇ ತೋರಿಸಬೇಕು. ಈ ನಿಯಮ 2023-24ರ ಲೆಕ್ಕದಿಂದ ಜಾರಿಯಲ್ಲಿದೆ. ಪತ್ರವನ್ನು ಖರೀದಿ ವಿಭಾಗಕ್ಕೆ ಕಳಿಸಿದರೆ ಮೇಜಿನ ಮೇಲೇ ಉಳಿಯುತ್ತದೆ. ಅಕೌಂಟ್ಸ್ ಮುಖ್ಯಸ್ಥರಿಗೆ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡೂ ಹೋಗಲಿ, 15 ದಿನ ಕೊಡಿ. ಫೆಬ್ರವರಿಯಲ್ಲಿ ಹೋದ ಪತ್ರಕ್ಕೆ ತೂಕ ಹೆಚ್ಚು, ಏಕೆಂದರೆ ಆಗಲೇ ಅವರ ಸಿಎ ಬಾಕಿಪಟ್ಟಿ ಕೇಳುತ್ತಿರುತ್ತಾರೆ.

ಆಗಲೂ ಸುಮ್ಮನಿದ್ದರೆ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಅದು ಇಂಥ ಬಾಕಿ ವಿವಾದ ಬಗೆಹರಿಸುವ ನಿಮ್ಮ ಭಾಗದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುತ್ತದೆ. ಖರೀದಿದಾರರು ಗುಜರಾತಿನಲ್ಲಿರಲಿ, ತಮಿಳುನಾಡಿನಲ್ಲಿರಲಿ, ವಿಚಾರಣೆ ನೀವಿರುವ ಕಡೆಯೇ. ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿಕೆ (ಆರ್ಬಿಟ್ರೇಷನ್). ತೀರ್ಪನ್ನು ಪ್ರಶ್ನಿಸಬೇಕೆಂದರೆ ಖರೀದಿದಾರರು ಮೊದಲು ಶೇ 75ರಷ್ಟು ಮೊತ್ತವನ್ನು ಠೇವಣಿ ಇಡಬೇಕು. ಕೌನ್ಸಿಲ್ ತೀರ್ಮಾನಕ್ಕೆ ಕಾಯ್ದೆ ಹೇಳುವುದು 90 ದಿನ, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಆ ದುಡ್ಡು ನಂಬಿ ಹೊಸ ಯಂತ್ರಕ್ಕೆ ಮುಂಗಡ ಕೊಡಬೇಡಿ. ಪಂಚಾಯ್ತಿಕೆ ಹಂತಕ್ಕೆ ಬಂದಾಗ ವಕೀಲರನ್ನು ಹಿಡಿಯಿರಿ. ಶುಲ್ಕ ಹಂತಹಂತವಾಗಿ ಎಷ್ಟೆಂದು ಬರವಣಿಗೆಯಲ್ಲಿ ಪಡೆಯಿರಿ, ಒಟ್ಟಿಗೆ ಕೊಡಬೇಡಿ.

ಒಂದು ಎಚ್ಚರಿಕೆ. ಉದ್ಯಮ್ ನೋಂದಣಿ ಮಾಲು ಪೂರೈಸುವ ಮೊದಲೇ ಆಗಿರಬೇಕು. ಬಾಕಿ ಬಿದ್ದ ಮೇಲೆ ಓಡಿಹೋಗಿ ಮಾಡಿಸಿದ ನೋಂದಣಿ ಹಳೆಯ ಬಿಲ್ಲುಗಳನ್ನು ಕಾಪಾಡುತ್ತದೆಂದು ನಂಬಿ ಕೂರಬೇಡಿ. ಈ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಸರ್ಕಾರಿ ಹೆಸರನ್ನೇ ಹೋಲುವ ಜಾಲತಾಣ ಮಾಡಿಕೊಂಡು ಇದಕ್ಕೆ ಸಾವಿರಗಟ್ಟಲೆ ಕೀಳುವವರು ವಂಚಕರು, ಬೇರೆ ಮಾತಿಲ್ಲ. ಹಳೆಯ ಬಾಕಿಯಾದರೆ ಮೂರು ವರ್ಷದ ಕಾಲಮಿತಿಯ ಮೇಲೂ ಕಣ್ಣಿಡಿ. ಅದು ಮುಗಿಯುವ ಮುನ್ನ ಅವರ ಸಹಿ, ಸೀಲು ಇರುವ ಲೆಡ್ಜರ್ ದೃಢೀಕರಣ (ಇಷ್ಟು ಬಾಕಿ ಇದೆ ಎಂದು ಒಪ್ಪುವ ಪತ್ರ) ಸಿಕ್ಕರೆ ಗಡಿಯಾರ ಹೊಸದಾಗಿ ಶುರು.

ಕೆಲಸ ಕೈತಪ್ಪುವ ಹೆದರಿಕೆಯ ಮಾತು. ತಪ್ಪಬಹುದು, ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಆ ಬಿಲ್ಲಿನ ಜಿಎಸ್‌ಟಿ ನೀವು ಆಗಲೇ ಕೈಯಿಂದ ಕಟ್ಟಿದ್ದೀರಿ, ಆಪರೇಟರ್ ಪಗಾರ, ಕರೆಂಟು ಬಿಲ್ಲು ಕೊಟ್ಟಿದ್ದೀರಿ. ಒಂಬತ್ತೂವರೆ ತಿಂಗಳಿಂದ ಆ ಕಂಪನಿಯ ಕೆಲಸವನ್ನು ನಿಮ್ಮ ಸಾಲದಲ್ಲಿ ನಡೆಸುತ್ತಿದ್ದೀರಿ. ಹಳೆಯದು ತೀರುವವರೆಗೆ ಹೊಸ ಮಾಲು ಕಳಿಸುವುದನ್ನು ಇಂದೇ ನಿಲ್ಲಿಸಿ.

ಪ್ರಶ್ನೆ: ಮುಂಬಯಿಯ ಲೋಹಾರ್ ಚಾಳದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಸಗಟು ವ್ಯಾಪಾರ. ಉದ್ಯಮ್ ಇದೆ. ನನಗೂ 45 ದಿನದ ರಕ್ಷಣೆ ಇದೆಯೇ?

ಇಲ್ಲ. ಕೊಂಡು ಮಾರುವವರಿಗೆ ಉದ್ಯಮ್ ನೋಂದಣಿಯ ಲಾಭ ಬ್ಯಾಂಕುಗಳ ಆದ್ಯತಾ ಸಾಲಕ್ಕಷ್ಟೇ ಸೀಮಿತ. ಇದನ್ನು ಮುಚ್ಚಿಟ್ಟು ನಿಮ್ಮಿಂದ ಶುಲ್ಕ ಪಡೆದ ಸಲಹೆಗಾರರನ್ನು ಬದಲಿಸಿ.

ಪ್ರಶ್ನೆ: ಚೆಕ್ ಬೌನ್ಸ್ ಆಗಿ ಎರಡು ತಿಂಗಳಾಯಿತು. ಮಾತುಕತೆಯಲ್ಲೇ ದಿನ ಹೋಯಿತು. ಕೇಸು ಹಾಕಬಹುದೇ?

ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕಿತ್ತು, ಹೋಗಿಲ್ಲ. ಚೆಕ್ಕಿನ ಮೇಲಿನ ತಾರೀಕಿಗೆ ಮೂರು ತಿಂಗಳು ತುಂಬಿಲ್ಲದಿದ್ದರೆ ನಾಳೆಯೇ ಮತ್ತೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದರೆ ಹೊಸ 30 ದಿನ ಸಿಗುತ್ತದೆ. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು.

ಪ್ರಶ್ನೆ: ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ ಎಂದು ಏಜೆನ್ಸಿ ತಿಂಗಳಿಗೆ 25,000 ಕೇಳುತ್ತಿದೆ.

ಆ ಗ್ಯಾರಂಟಿ ಕೊಡಲು ಯಾರಿಂದಲೂ ಸಾಧ್ಯವಿಲ್ಲ.

ಪ್ರಶ್ನೆ: ಡೊಂಬಿವಲಿಯಲ್ಲಿ ಮಸಾಲೆ ಪುಡಿ ಮಾಡಿ ಮಾರುತ್ತೇವೆ. ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದೇವೆ. ಪ್ಯಾಕೆಟ್ ಮೇಲೆ ವೃತ್ತದೊಳಗಿನ ‘ಆರ್’ ಹಾಕಬಹುದೇ?

ನೋಂದಣಿ ಆಗುವವರೆಗೆ ಹಾಕುವಂತಿಲ್ಲ. ‘ಟಿಎಂ’ ಹಾಕಿ.

ಪ್ರಶ್ನೆ: ಠಾಣೆ ನಗರದಲ್ಲಿ ಉಡುಪಿ ಹೋಟೆಲಿಗೆ ಜಾಗ ಸಿಕ್ಕಿದೆ. 11 ತಿಂಗಳ ಕರಾರಾದರೆ ನೋಂದಣಿ ಬೇಡ ಎನ್ನುತ್ತಾರೆ ಮಾಲೀಕರು.

ಮಹಾರಾಷ್ಟ್ರದಲ್ಲಿ ಈ ಮಾತು ನಡೆಯದು, ಆದರೂ ಎಲ್ಲರ ಬಾಯಲ್ಲೂ ಇದೇ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ (ಜಾಗ ಬಳಸಲು ಕೊಡುವ ಪರವಾನಗಿ ಕರಾರು) ಎಷ್ಟೇ ತಿಂಗಳಿನದಾಗಿರಲಿ, ಬರವಣಿಗೆಯಲ್ಲಿದ್ದು ನೋಂದಣಿ ಆಗಲೇಬೇಕು. ಮಾಡಿಸುವ ಹೊಣೆ ಮಾಲೀಕರದು. ತಿಂಗಳಿಗೆ 60,000 ಬಾಡಿಗೆ, 3 ಲಕ್ಷ ಡಿಪಾಸಿಟ್, ಮೂರು ವರ್ಷ ಎಂದಿಟ್ಟುಕೊಳ್ಳಿ: ಒಟ್ಟು ಬಾಡಿಗೆ 21.6 ಲಕ್ಷ, ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ 10ರಂತೆ 90,000, ಎರಡೂ ಸೇರಿ 22.5 ಲಕ್ಷಕ್ಕೆ ಶೇ 0.25 ಮುದ್ರಾಂಕ, ಅಂದರೆ 5,625 ರೂಪಾಯಿ. ನಗರದಲ್ಲಿ ನೋಂದಣಿ ಶುಲ್ಕ 1,000. ಅಡುಗೆಮನೆಯ ಚಿಮಣಿ, ಗ್ರೈಂಡರ್, ಫರ್ನಿಚರ್‌ಗೆ ಲಕ್ಷಾಂತರ ಸುರಿಯುವವರು ಇದಕ್ಕೆ ಹಿಂದೆ ಮುಂದೆ ನೋಡಬೇಡಿ. ನೋಂದಣಿ ಸಂಖ್ಯೆ ಕೈಗೆ ಬರುವವರೆಗೆ ಡಿಪಾಸಿಟ್ ಚೆಕ್ ಕೊಡಬೇಡಿ.