ಕಾಯಿಲೆಯಿಂದ ಪ್ರಯಾಣ ನಿಂತರೆ ವಿಮಾನದ ಟಿಕೆಟ್ ಹಣ ಸಿಗುತ್ತದೆಯೇ?

ಪ್ರಶ್ನೆ: ಅಪ್ಪ, ಅಮ್ಮ ಮತ್ತು ನಾನು ಒಂದೇ ಬುಕಿಂಗ್‌ನಲ್ಲಿ ವಿಮಾನದ ಟಿಕೆಟ್ ಮಾಡಿಸಿದ್ದೆವು. ಹೊರಡಲು ಇನ್ನು 9 ದಿನ ಇದೆ. ಮೊನ್ನೆ ಅಪ್ಪನಿಗೆ ಪಾರ್ಶ್ವವಾಯು ಆಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ವಿಮಾನ ಸಂಸ್ಥೆಗೆ ಫೋನ್ ಮಾಡಿದರೆ, 'ನಾನ್ ರಿಫಂಡಬಲ್ ಟಿಕೆಟ್, ಏನೂ ಬರಲ್ಲ' ಅಂದರು. ಮೂವರ ಹಣವೂ ಹೋದ ಹಾಗೇನಾ?

ಉತ್ತರ: ಅಪ್ಪ ಬೇಗ ಹುಷಾರಾಗಲಿ. ಇಂಥ ಹೊತ್ತಿನಲ್ಲಿ ಫೋನಿನಲ್ಲಿ ಒಂದೇ ಮಾತಿಗೆ 'ಇಲ್ಲ' ಅನ್ನಿಸಿಕೊಳ್ಳುವುದು ಎಷ್ಟು ನೋವು ಅಂತ ಗೊತ್ತು. ಆದರೆ ಅದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ.

ಕಾನೂನು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ, ನಿಜ. ವಿಮಾನ ಪ್ರಯಾಣಿಕರ ಹಕ್ಕುಗಳ ಬಗ್ಗೆ ಇರುವ ಯುರೋಪಿನ 261/2004 ನಿಯಮವಾಗಲಿ, ಅಮೆರಿಕದ ರಿಫಂಡ್ ನಿಯಮವಾಗಲಿ ಮುಖ್ಯವಾಗಿ ನೆರವಾಗುವುದು ಸಂಸ್ಥೆಯೇ ವಿಮಾನ ರದ್ದು ಮಾಡಿದಾಗ. ಪ್ರಯಾಣಿಕರಿಗೆ ಕಾಯಿಲೆ ಬಂದರೆ ಏನು ಅನ್ನುವುದು ಬಹುಪಾಲು ಆಯಾ ಸಂಸ್ಥೆಯ ಷರತ್ತಿಗೆ ಬಿಟ್ಟ ವಿಷಯ. ಆ ಷರತ್ತುಗಳಲ್ಲಿ ಸಾವು, ಗಂಭೀರ ಕಾಯಿಲೆಗೆ ಬೇರೆ ಅಂಶ ಇರುವುದುಂಟು. ಅದನ್ನು ಹುಡುಕಿ ಓದಿ.

ಆಮೇಲೆ ಇಮೇಲ್ ಬರೆಯಿರಿ. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ. ಜೊತೆಗೆ ವೈದ್ಯರ ಪತ್ರ ಇರಲಿ. ಅದರಲ್ಲಿ ಕಾಯಿಲೆಯ ಹೆಸರಷ್ಟೇ ಇದ್ದರೆ ಸಾಲದು. 'ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ವಿಮಾನ ಪ್ರಯಾಣ ಮಾಡುವಂತಿಲ್ಲ' ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಈ ಒಂದು ಸಾಲು ಇಲ್ಲದೆ ಅರ್ಜಿ ಎಡವಬಹುದು. ಅಪ್ಪನನ್ನು ಬಿಟ್ಟು ನೀವಿಬ್ಬರು ಹೋಗಲಾರಿರಿ ಅಲ್ವಾ? ಹಾಗಾಗಿ ಮೂವರಿಗೂ ವಿನಾಯಿತಿ ಕೇಳಿ. ಏಜೆಂಟ್ ಮೂಲಕ ಬುಕ್ ಮಾಡಿದ್ದರೆ ಅವರಿಗೂ ಅದೇ ಪತ್ರ ಕಳಿಸಿ.

ಉತ್ತರ ಬರುವ ಮುಂಚೆ ವೆಬ್‌ಸೈಟಿನಲ್ಲಿ ಸುಮ್ನೆ ಕ್ಯಾನ್ಸಲ್ ಒತ್ತಬೇಡಿ. ಒತ್ತಿದರೆ ಮಾಮೂಲಿ ಶುಲ್ಕ ಕಡಿತವಾಗಿಬಿಡಬಹುದು. ಈ 9 ದಿನದಲ್ಲಿ ಸಂಸ್ಥೆಯೇ ವೇಳಾಪಟ್ಟಿ ಬದಲಿಸಿದರೂ ನಿಮಗೆ ಅನುಕೂಲ. ಅಮೆರಿಕದ ನಿಯಮದಲ್ಲಿ ಆ ದೇಶದೊಳಗಿನ ವಿಮಾನ 3 ಗಂಟೆ, ಅಲ್ಲಿಗೆ ಹೋಗುವ ಅಥವಾ ಅಲ್ಲಿಂದ ಬರುವ ಅಂತರರಾಷ್ಟ್ರೀಯ ವಿಮಾನ 6 ಗಂಟೆ ಹಿಂದೆ ಮುಂದೆ ಆದರೆ, ಆ ಬದಲಾವಣೆ ಒಪ್ಪದವರಿಗೆ ಪೂರ್ತಿ ಹಣ ಬರಬೇಕು.

ಆದರೆ ವಿಮಾನ ಹೊರಡುವ ತನಕ ಮಾತ್ರ ಕಾಯಬೇಡಿ. ಏನೂ ಉತ್ತರ ಬಾರದಿದ್ದರೂ ಸಂಸ್ಥೆ ಹೇಳಿರುವ ಗಡುವಿನ ಒಳಗೆ ರದ್ದು ಮಾಡಿಬಿಡಿ. 'ನೋ ಶೋ' ಆದರೆ, ಅಂದರೆ ರದ್ದು ಮಾಡದೆ ವಿಮಾನಕ್ಕೆ ಹೋಗದಿದ್ದರೆ, ಇದ್ದ ಅವಕಾಶವೂ ಹೋಗಬಹುದು, ವಾಪಸ್ ಬರುವ ಟಿಕೆಟ್ ಕೂಡ ರದ್ದಾಗಬಹುದು. ಬಳಸದ ವಿಮಾನ ನಿಲ್ದಾಣದ ತೆರಿಗೆಯನ್ನು ಹೆಸರಿಸಿಯೇ ಕೇಳಿ. ಮೂಲ ದರ ಬಾರದಿದ್ದರೂ ಅದನ್ನು ಹಲವು ಸಂಸ್ಥೆಗಳು ಕೊಡುತ್ತವೆ.

ಪ್ರಯಾಣ ವಿಮೆ ಇದೆಯಾ ನೋಡಿ. ಕೆಲವು ಕ್ರೆಡಿಟ್ ಕಾರ್ಡ್‌ಗಳ ಜೊತೆಗೇ ಬಂದಿರುತ್ತದೆ. ಅಪ್ಪನಿಗೆ ಮೊದಲಿನಿಂದ ಬಿಪಿ ಇದ್ದರೆ ಮುಚ್ಚಿಡಬೇಡಿ. ಹಳೆಯ ಕಾಯಿಲೆಯ ಷರತ್ತನ್ನು ವಿಮೆಯವರು ಖಂಡಿತ ನೋಡುತ್ತಾರೆ.

ಹಣದ ಬದಲು ಕ್ರೆಡಿಟ್ (ಮುಂದಿನ ಟಿಕೆಟ್‌ಗೆ ಬಳಸಬಹುದಾದ ಮೊತ್ತ) ಕೊಡುತ್ತೇವೆ ಅಂದರೆ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಅವಧಿ ಎಂದಿನಿಂದ ಎಣಿಕೆ, ಬೇರೆಯವರ ಹೆಸರಿಗೆ ಬಳಸಬಹುದೇ. ಅಪ್ಪ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಅವಧಿ ಕಡಿಮೆ ಅನ್ನಿಸಿದರೆ ಈಗಲೇ ವಿಸ್ತರಣೆ ಕೇಳಿ.